ಅತ್ತಿಯವ್ವನ ಬೇರಿಗೆ ಬಂದ ಸುಳ್ಳು ಮಕ್ಕಳು

ಇದು ಬಹಳ ಹಿಂದಿನ ಮಾತು. ಆಗ ಮರಗಳು ಮಾತಾಡುತ್ತಿದ್ದವು, ಅದನ್ನು ಕೇಳುವಷ್ಟು ವ್ಯವಧಾನ ಮನುಷ್ಯರಿಗೂ ಇತ್ತು. ಆ ಕಾಲದಲ್ಲಿ ಅತ್ತಿಗಿರಿ ಅಂತ ಒಂದು ರಾಜ್ಯ. ರಾಜ್ಯದ ನಟ್ಟನಡುವೆ ಒಂದು ಅತ್ತಿಮರ. ಅದರ ನೆರಳಲ್ಲಿ ಇಡೀ ರಾಜಧಾನಿಯೇ ಕೂತಿತ್ತು ಅಂದರೆ ಮರ ಎಷ್ಟು ದೊಡ್ಡದು ಅಂತ ನೀವೇ ಊಹಿಸಿಕೊಳ್ಳಿ.

ಆ ಮರ ಹನ್ನೆರಡು ತಿಂಗಳೂ ಹಣ್ಣು ಬಿಡುತ್ತಿತ್ತು. ಒಂದೊಂದು ಹಣ್ಣೂ ಅಂಗೈ ತುಂಬುವಷ್ಟು. ಒಂದು ಹಣ್ಣು ತಿಂದರೆ ಒಂದು ಹೊತ್ತಿನ ಊಟ ಮುಗಿಯಿತು. ಅರಮನೆಗೂ ಅದೇ, ಗುಡಿಸಲಿಗೂ ಅದೇ. ಅತ್ತಿಗಿರಿಯಲ್ಲಿ ಒಲೆ ಹಚ್ಚದ ದಿನಗಳಿದ್ದವು, ಹಸಿದು ಮಲಗಿದ ದಿನ ಒಂದೂ ಇರಲಿಲ್ಲ. ಅದಕ್ಕೇ ಜನ ಆ ಮರವನ್ನು ಅತ್ತಿಯವ್ವ ಅಂತ ಕರೆಯುತ್ತಿದ್ದರು.

ಅತ್ತಿಯವ್ವನ ಬುಡದಲ್ಲಿ ದೇಮವ್ವ ಎಂಬ ಹುಡುಗಿ ಇದ್ದಳು. ಇಪ್ಪತ್ತರ ಪ್ರಾಯ. ಅವಳದು ಬೇರಾಳುಗಳ ಮನೆತನ. ಬೇರಾಳುಗಳೆಂದರೆ ಬುಡದ ಮಣ್ಣು ಸಡಿಲಿಸಿ, ನೀರುಣಿಸಿ, ಬೇರಿನ ಕ್ಷೇಮ ನೋಡಿಕೊಳ್ಳುವವರು. ದೇಮವ್ವನನ್ನು ಹೆತ್ತು ಅವಳ ತಾಯಿ ಅದೇ ಬುಡದಲ್ಲಿ ಕಣ್ಣು ಮುಚ್ಚಿದ್ದಳು. ಹಸುಗೂಸು ಅಳುವುದನ್ನು ಕೇಳಿ ಅತ್ತಿಯವ್ವ ಒಂದು ಕೊಂಬೆಯನ್ನು ಬಾಗಿಸಿದಳು. ತನ್ನ ಎಲೆಯೊಂದರ ತೊಟ್ಟನ್ನು ತಾನೇ ಮುರಿದುಕೊಂಡಳು. ತೊಟ್ಟಿನಿಂದ ಹನಿಹನಿಯಾಗಿ ಹಾಲಿಳಿದು ಕೂಸಿನ ಬಾಯಿಗೆ ಬಿತ್ತು. ಆ ಹಾಲು ಕುಡಿದು ದೇಮವ್ವ ಬೆಳೆದಳು, ನಡೆದಳು, ಮಾತು ಕಲಿತಳು. ಅವಳಾಡಿದ ಮೊದಲ ಮಾತು 'ಅವ್ವ'. ಅದನ್ನು ಅವಳು ಆಡಿದ್ದು ಮರದ ಕಡೆ ನೋಡಿ.

ಇನ್ನು ಅತ್ತಿಯವ್ವನ ಬೇರುಗಳ ಒಳಗೆ ಕಾವಲಿನವರಿದ್ದರು. ಎಳ್ಳುಕಾಳಿನಷ್ಟು ಎತ್ತರ, ತಲೆಗೆ ಕೆಂಪು ರುಮಾಲು, ಸೊಂಟಕ್ಕೆ ಒಂದು ಕೊಂಬು. ಬೇರಿನ ಒಂದೊಂದು ಬಾಗಿಲಿಗೂ ಒಬ್ಬೊಬ್ಬ. ಅವರ ಮುಖಂಡ ತೊಗಟಯ್ಯ. ಹೊರಗಿನ ಹುಳವೊಂದು ಬೇರನ್ನು ಮುಟ್ಟಿತೋ, ಕಾವಲಿನವನು ಕೊಂಬು ಊದುತ್ತಿದ್ದ. ಆ ಸದ್ದು ಅತ್ತಿಯವ್ವನ ಎದೆಗೆ ಮುಟ್ಟುತ್ತಿತ್ತು. ಅವಳು ಆ ಬೇರಿಗೆ ಕಹಿ ಕಷಾಯ ಹರಿಸಿ ಹುಳವನ್ನು ಓಡಿಸುತ್ತಿದ್ದಳು. ಬಂದವನು ಬಲು ಗಟ್ಟಿಗನಾದರೆ ಬೇರಿನ ತುದಿಯನ್ನೇ ಒಣಗಿಸಿ ದಾರಿ ಮುಚ್ಚಿಬಿಡುತ್ತಿದ್ದಳು. ಹೀಗೆ ಸಾವಿರ ವರ್ಷ ನಡೆದಿತ್ತು.

ಒಂದು ವರ್ಷ ಅತ್ತಿಯವ್ವ ಬಾಡತೊಡಗಿದಳು.

ಮೊದಲು ನಡುಹಗಲಲ್ಲಿ ಎಲೆ ಜೋತುಬೀಳುತ್ತಿತ್ತು, ಸಂಜೆಗೆ ಮತ್ತೆ ನೆಟ್ಟಗಾಗುತ್ತಿತ್ತು. ಆಮೇಲೆ ಸಂಜೆಗೂ ನೆಟ್ಟಗಾಗಲಿಲ್ಲ. ಎಲೆ ಹಳದಿಗೆ ತಿರುಗಿತು. ಅಂಗೈ ತುಂಬುತ್ತಿದ್ದ ಹಣ್ಣು ನಿಂಬೆಯಷ್ಟಾಯಿತು, ನಿಂಬೆಯಷ್ಟಿದ್ದದ್ದು ನೆಲ್ಲಿಯಷ್ಟಾಯಿತು. ಮೂರು ಹಣ್ಣು ತಿಂದರೂ ಹೊಟ್ಟೆ ತುಂಬದು. ಅತ್ತಿಗಿರಿಯ ಮಕ್ಕಳು ಮೊದಲ ಸಲ ಹಸಿವಿನಿಂದ ಅತ್ತವು. ಆ ಅಳು ಯಾತಕ್ಕೆ ಅಂತ ತಾಯಂದಿರಿಗೇ ತಿಳಿಯಲಿಲ್ಲ.

ರಾಜ್ಯವಾಳುತ್ತಿದ್ದವಳು ಮಲ್ಲಲದೇವಿ ಎಂಬ ರಾಣಿ. ಅವಳು ನೀರು ಹಾಕಿಸಿದಳು, ಮರ ಬಾಡಿತು. ಗೊಬ್ಬರ ಹಾಕಿಸಿದಳು, ಮರ ಬಾಡಿತು. ಸುತ್ತ ಚಪ್ಪರ ಹಾಕಿಸಿ ಬಿಸಿಲು ತಡೆದಳು, ಆಗಲೂ ಮರ ಬಾಡಿತು.

ದೇಮವ್ವ ಗುದ್ದಲಿ ತೆಗೆದುಕೊಂಡು ಬುಡ ಅಗೆದಳು. ಒಂದು ಮೊಳ ಅಗೆದಾಗ ಒಂದು ಎಳೆಯ ಬೇರು ಸಿಕ್ಕಿತು. ನುಣ್ಣಗೆ ನೂಲಿನಂತಿರಬೇಕಿದ್ದ ಬೇರಿನ ತುಂಬ ಗಂಟು. ಮಣಿಸರ ಪೋಣಿಸಿದ ಹಾಗೆ ಗಂಟಿನ ಪಕ್ಕ ಗಂಟು. ಇನ್ನೊಂದು ಬೇರು ಬಿಡಿಸಿದಳು, ಅಲ್ಲೂ ಗಂಟು.

"ಅವ್ವಾ," ಎಂದಳು ದೇಮವ್ವ, ಬೇರಿಗೆ ಕೆನ್ನೆ ತಾಗಿಸಿ. "ನಿನಗೆ ಏನಾಗಿದೆಯವ್ವಾ? ಈ ಗಂಟುಗಳು ಏನು?"

"ಮೆಲ್ಲಗೆ ಮಾತಾಡು ಮಗಳೇ," ಎಂದಳು ಅತ್ತಿಯವ್ವ. ಅವಳ ದನಿ ಸೋತಿತ್ತು, ಆದರೆ ಅದರಲ್ಲಿ ಒಂದು ಬಗೆಯ ಖುಷಿಯಿತ್ತು. "ಅವು ಗಂಟಲ್ಲ, ತೊಟ್ಟಿಲು. ನನ್ನ ಮಕ್ಕಳು ಮಲಗಿದ್ದಾರೆ."

"ನಿನ್ನ ಮಕ್ಕಳೇ?"

"ನನ್ನವೇ. ನನ್ನ ಚಿಗುರಿನ ದನಿಯಲ್ಲೇ ಅವ್ವಾ ಅವ್ವಾ ಅನ್ನುತ್ತವೆ. ಹಸಿವು ಅನ್ನುತ್ತವೆ, ಉಣಿಸುತ್ತೇನೆ. ಕೋಣೆ ದೊಡ್ಡದು ಮಾಡು ಅನ್ನುತ್ತವೆ, ಗೋಡೆ ತೆಗೆದು ದೊಡ್ಡದು ಮಾಡುತ್ತೇನೆ. ಹೆತ್ತವಳು ಮಾಡಬೇಕಾದ್ದೇ ಅಲ್ಲವೇ?"

"ಅವ್ವಾ, ಹೊರಗಿನಿಂದ ಯಾರೋ ಬಂದಿರಬೇಕು. ಕಾವಲಿನವರು ಕೊಂಬು ಊದಲಿಲ್ಲವೇ?"

"ಯಾಕೆ ಊದುತ್ತಾರೆ? ನನ್ನ ಮಕ್ಕಳು ಮನೆಗೆ ಬಂದರೆ ಕೊಂಬು ಊದುವುದುಂಟೇ?" ಅತ್ತಿಯವ್ವನ ದನಿ ಗಡುಸಾಯಿತು. "ನೀನು ನನ್ನ ಹಾಲು ಕುಡಿದವಳು, ನಿಜ. ಹಾಗಂತ ನನ್ನ ಹೊಟ್ಟೆಯಲ್ಲಿ ಹುಟ್ಟಿದವರ ಮೇಲೆ ಹೊಟ್ಟೆಕಿಚ್ಚು ಪಡಬೇಡ."

ಆ ಮಾತು ದೇಮವ್ವನಿಗೆ ಮುಳ್ಳಿನಂತೆ ಚುಚ್ಚಿತು. ಅವಳು ಬೇರಿಗೆ ಮಣ್ಣು ಮುಚ್ಚಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ನೇರವಾಗಿ ಅರಮನೆಗೆ ಹೋದಳು.

ಅವಳು ಹೇಳಿದ್ದನ್ನು ಕೇಳಿ ದಂಡನಾಯಕ ಮಾಚಯ್ಯ ಎದ್ದು ನಿಂತ. "ಮಹಾರಾಣಿ, ಅಪ್ಪಣೆ ಕೊಡಿ. ಗಂಟಿರುವ ಬೇರುಗಳನ್ನೆಲ್ಲ ಕಡಿಸಿಹಾಕುತ್ತೇನೆ. ಹುಳವೂ ಹೋಗುತ್ತದೆ, ರೋಗವೂ ಹೋಗುತ್ತದೆ."

"ಬೇಡ ತಾಯಿ," ಎಂದಳು ದೇಮವ್ವ. "ನಾನು ನೋಡಿದ ಹತ್ತು ಬೇರಿನಲ್ಲಿ ಏಳಕ್ಕೆ ಗಂಟಿದೆ. ಏಳನ್ನು ಕಡಿದರೆ ಅವ್ವ ಉಳಿಯುವುದಿಲ್ಲ."

"ಸುಮ್ಮನಿದ್ದರೆ ಮಾತ್ರ ಉಳಿಯುತ್ತದೆಯೇ?" ಎಂದ ಮಾಚಯ್ಯ. ಅವನು ಕೆಟ್ಟವನಲ್ಲ. ಅವನ ಮನೆಯಲ್ಲೂ ಮಕ್ಕಳು ಅಳುತ್ತಿದ್ದವು.

ರಾಣಿ ದೇಮವ್ವನ ಕಡೆ ತಿರುಗಿದಳು. "ದೇಮವ್ವ, ನಿನಗೆ ಒಂಬತ್ತು ದಿನ ಕೊಡುತ್ತೇನೆ. ಅಷ್ಟರಲ್ಲಿ ದಾರಿ ಸಿಕ್ಕದಿದ್ದರೆ ಮಾಚಯ್ಯನವರ ಕೊಡಲಿಯೇ ಗತಿ. ನನಗೂ ಬೇರೆ ದಾರಿ ಕಾಣುತ್ತಿಲ್ಲ ಮಗಳೇ."

ಮೂರು ದಿನದ ದಾರಿಯಲ್ಲಿ ಗಂಧದ ಗವಿ ಎಂಬ ಒಂದು ಗವಿಯಿತ್ತು. ಅಲ್ಲಿ ಎತ್ತಿನಷ್ಟು ದೊಡ್ಡ ಪುನುಗುಬೆಕ್ಕು ವಾಸವಾಗಿತ್ತು. ಲೋಕದಲ್ಲಿರುವ ವಾಸನೆಗಳೆಲ್ಲ ಅದಕ್ಕೆ ಗೊತ್ತು ಎಂದು ಬೇರಾಳುಗಳು ಹೇಳುತ್ತಿದ್ದರು. ದೇಮವ್ವ ಬೇರಿನ ಒಂದು ಗಂಟನ್ನು ಎಲೆಯಲ್ಲಿ ಸುತ್ತಿಕೊಂಡು ಹೊರಟಳು. ಮೂರು ದಿನ ನಡೆದಳು. ಗವಿಯ ಬಾಯಿಗೆ ಬಂದರೆ ಒಳಗಿನಿಂದ ಎಂಥ ನಾತ ಅಂತೀರಿ! ಹಾರುವ ಹಕ್ಕಿ ದಾರಿ ಬದಲಿಸುವಂಥದ್ದು.

"ಯಾರದು?" ಎಂದು ಪುನುಗು ಗುರುಗುಟ್ಟಿತು. "ನನ್ನ ಮೈಯ ಪುನುಗಿನ ಗಂಧ ಕೆರೆದುಕೊಂಡು ಹೋಗಲು ಬಂದೆಯಾ? ಬಂದವರೆಲ್ಲ ಅದಕ್ಕೇ ಬರುವುದು. ಕೆರೆಯುತ್ತಾರೆ, ಡಬ್ಬಿ ತುಂಬುತ್ತಾರೆ, ಹೋಗುತ್ತಾರೆ."

"ಅಜ್ಜಾ, ನಾನು ಅದಕ್ಕೆ ಬಂದಿಲ್ಲ. ಒಂದು ವಾಸನೆ ಯಾರದೆಂದು ಕೇಳಲು ಬಂದೆ," ಎಂದಳು ದೇಮವ್ವ.

"ಹಾಗಾದರೆ ಮೊದಲು ನನ್ನ ಕೆಲಸ ಮಾಡು. ಮೈತುಂಬ ಉತ್ತರಾಣಿ ಕಾಳು ಕಚ್ಚಿಕೊಂಡಿದೆ. ಒಂದೂ ಬಿಡದೆ ಆರಿಸಬೇಕು. ಮೂಗು ಮುಚ್ಚಿಕೊಳ್ಳುವಂತಿಲ್ಲ. ಮುಚ್ಚಿದೆಯೋ, ನಿನ್ನನ್ನು ತಿಂದುಬಿಡುತ್ತೇನೆ."

ದೇಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಆರಿಸಿದಳು. ಕಣ್ಣಲ್ಲಿ ನೀರು ಸುರಿಯಿತು, ಆದರೆ ಕೈ ಮೂಗಿನ ಕಡೆ ಹೋಗಲಿಲ್ಲ. ಬೆನ್ನಿನದು ಆರಿಸಿದಳು, ಹೊಟ್ಟೆಯದು ಆರಿಸಿದಳು, ಕಿವಿಯ ಹಿಂದಿನದೂ ಆರಿಸಿದಳು. ಅಲ್ಲಿ ಚರ್ಮ ಕೆಂಪಗೆ ಹುಣ್ಣಾಗಿತ್ತು. ಕೇಳದೆಯೇ ತನ್ನ ಬುತ್ತಿಯ ಬೆಣ್ಣೆಯನ್ನು ಅದಕ್ಕೆ ಹಚ್ಚಿದಳು.

ಪುನುಗು ತಲೆ ಹೊರಳಿಸಿ ಅವಳನ್ನು ನೋಡಿತು. ಆಮೇಲೆ, "ಬೆಣ್ಣೆ ಹಚ್ಚು ಅಂತ ನಾನು ಹೇಳಿರಲಿಲ್ಲ," ಎಂದಿತು.

"ಉರಿಯುತ್ತಿರಬೇಕು ಅನ್ನಿಸಿತು ಅಜ್ಜಾ."

"ಉರಿಯುತ್ತಿತ್ತು. ನೂರು ವರ್ಷದಿಂದ ಉರಿಯುತ್ತಿತ್ತು. ಉಪಕಾರವಾಯಿತು ಮಗೂ." ಪುನುಗಿನ ದನಿ ಮೆತ್ತಗಾಗಿತ್ತು. "ತಾ, ಏನು ತಂದಿದ್ದೀಯ?"

ದೇಮವ್ವ ಎಲೆ ಬಿಚ್ಚಿದಳು. ಪುನುಗು ಗಂಟನ್ನು ಮೂಸಿತು. ಅದರ ಮೈಮೇಲಿನ ಕೂದಲೆಲ್ಲ ನೆಟ್ಟಗಾದವು.

"ಇದು ನುಲಿಗಾತಿಯ ಕೆಲಸ. ಮಣ್ಣಿನಡಿಯ ಮಾಟಗಾತಿ. ಅವಳೂ ಅವಳ ನೂಲುಮಂದಿಯೂ ನೂಲಿನಷ್ಟು ಸಣ್ಣಗಿದ್ದು ಬೇರಿನೊಳಗೆ ನುಸುಳುತ್ತಾರೆ. ಬಾಯಲ್ಲಿ ಟೊಳ್ಳು ಸೂಜಿ ಇರುತ್ತದೆ. ಅವಳಿಗೆ ಮೂರು ಮಾಯೆ ಗೊತ್ತು. ಒಂದು, ಬೇರಿನ ಸಿಪ್ಪೆಯನ್ನೇ ಅಂಗಿ ಮಾಡಿ ತೊಡುತ್ತಾಳೆ. ನೋಡಿದವರಿಗೆ ಮನೆಯವರೇ ಅನ್ನಿಸುತ್ತದೆ. ಎರಡು, ಅವಳ ಜೊಲ್ಲು ಕಾವಲಿನವರನ್ನು ಮಂಕು ಮಾಡುತ್ತದೆ. ಮೂರು, ಮರದ ಚಿಗುರು ಮರದ ಜೊತೆ ಮಾತಾಡುವ ಭಾಷೆಯನ್ನು ಕದ್ದು ಆಡುತ್ತಾಳೆ."

"ಹಾಗಾದರೆ ಅವಳನ್ನು ಗುರುತಿಸುವುದು ಹೇಗಜ್ಜಾ?"

"ಅಂಗಿ ಸುಳ್ಳಾಗಬಹುದು, ಮಾತು ಸುಳ್ಳಾಗಬಹುದು. ಆದರೆ ನೂಲುಮಂದಿ ಕುರುಡರು. ಒಬ್ಬರನ್ನೊಬ್ಬರು ವಾಸನೆಯಿಂದಲೇ ಕರೆಯಬೇಕು. ಆ ಕರೆಯನ್ನು ಅವರು ಬಚ್ಚಿಡಲಾರರು. ಬಚ್ಚಿಟ್ಟರೆ ತಮ್ಮವರಿಗೇ ದಾರಿ ತಪ್ಪುತ್ತದೆ. ಬೆಲ್ಲದ ಪಾಕಕ್ಕೆ ಹಳಸಿದ ಎಣ್ಣೆ ಬಿದ್ದಂಥ ವಾಸನೆ ಅದು. ಆ ವಾಸನೆಗೆ ಒಂದು ಬಾಲವಿದೆ. ಬಾಲ ಉದ್ದವಿದ್ದರೆ 'ಬನ್ನಿ' ಅಂತ ಅರ್ಥ. ಬಾಲ ಮೋಟಾದರೆ 'ಇಲ್ಲಿ ಜಾಗವಿಲ್ಲ, ಹೋಗಿ' ಅಂತ ಅರ್ಥ. ಇಷ್ಟು ನೆನಪಿಟ್ಟುಕೋ."

ಹೀಗೆ ಹೇಳಿ ಪುನುಗು ತನ್ನ ಒರಟು ನಾಲಿಗೆಯಿಂದ ಅವಳ ಮೂಗಿನ ತುದಿಯನ್ನು ನೆಕ್ಕಿತು. ಆ ಕ್ಷಣದಿಂದ ದೇಮವ್ವನಿಗೆ ಕಲ್ಲಿನ ವಾಸನೆಯೂ ತಿಳಿಯತೊಡಗಿತು.

ಅವಳು ಮತ್ತೆ ಮೂರು ದಿನ ನಡೆದು ಅತ್ತಿಗಿರಿಗೆ ಬಂದಳು. ಇನ್ನು ಉಳಿದದ್ದು ಎರಡೇ ದಿನ. ಬುಡದಲ್ಲಿ ಮಾಚಯ್ಯನ ಆಳುಗಳು ಕೊಡಲಿ ಮಸೆಯುತ್ತಿದ್ದರು.

ಬೇರಾಳುಗಳಿಗೆ ಒಂದು ವಿದ್ಯೆ ಗೊತ್ತಿತ್ತು. ಒಣಗಿದ ಅತ್ತಿಬೀಜವನ್ನು ನಾಲಿಗೆಯಡಿ ಇಟ್ಟುಕೊಂಡರೆ ಬೀಜದಷ್ಟೇ ಚಿಕ್ಕವರಾಗುತ್ತಿದ್ದರು, ಉಗುಳಿದರೆ ಮತ್ತೆ ದೊಡ್ಡವರು. ಆದರೆ ಬೀಜವನ್ನು ಅಪ್ಪಿತಪ್ಪಿ ನುಂಗಿದರೆ ಜನ್ಮವಿಡೀ ಎಳ್ಳಿನಷ್ಟೇ ಉಳಿಯಬೇಕು. ದೇಮವ್ವನ ಅಜ್ಜ ಹಾಗೆ ನುಂಗಿ, ಮಣ್ಣಿನಲ್ಲಿ ಎಲ್ಲೋ ಕಳೆದೇಹೋಗಿದ್ದ. ಅದಕ್ಕೇ ಅವಳು ಇದುವರೆಗೆ ಆ ವಿದ್ಯೆಯನ್ನು ಮುಟ್ಟಿರಲಿಲ್ಲ. ಈಗ ಬೀಜವನ್ನು ನಾಲಿಗೆಯಡಿ ಇಟ್ಟುಕೊಂಡಳು. ಪಕ್ಕದ ಹುಲ್ಲಿನೆಸಳು ತಾಳೆಮರದಂತೆ ಬೆಳೆದು ನಿಂತಿತು. ಮಣ್ಣಿನ ಬಿರುಕೊಂದು ಬಾಗಿಲಾಯಿತು. ಅವಳು ಒಳಗೆ ಇಳಿದಳು.

ಬೇರಿನ ಮೊದಲ ಬಾಗಿಲಲ್ಲಿ ತೊಗಟಯ್ಯ ನಿಂತಿದ್ದ. ಕಣ್ಣು ತೆರೆದಿತ್ತು, ಬಾಯಲ್ಲಿ ಪೆಚ್ಚುನಗೆ.

"ತೊಗಟಯ್ಯಾ, ಏನು ಸಮಾಚಾರ?"

"ಎಲ್ಲ ಕ್ಷೇಮ, ಎಲ್ಲ ಕ್ಷೇಮ."

ಅವನು ಹಾಗೆನ್ನುತ್ತಿದ್ದಾಗಲೇ ಅವನ ಮೊಣಕಾಲ ಪಕ್ಕದಲ್ಲಿ ಬೇರಿನ ಸಿಪ್ಪೆ ತೊಟ್ಟ ಮೂವರು ನೂಲುಮಂದಿ ಸರಸರನೆ ಒಳಗೆ ಹರಿದುಹೋದರು. ತೊಗಟಯ್ಯ ಅವರಿಗೆ ಕೈ ಮುಗಿದ. ಅವನ ಎರಡು ಕಿವಿಯಲ್ಲೂ ಬೆಳ್ಳನೆ ಜೊಲ್ಲು ಹೆಪ್ಪುಗಟ್ಟಿತ್ತು.

ದೇಮವ್ವ ಸೆರಗಿನ ತುದಿಯಿಂದ ಜೊಲ್ಲು ಒರೆಸಿದಳು. ತೊಗಟಯ್ಯ ಕಣ್ಣು ಪಿಳುಕಿಸಿದ. ಅಷ್ಟರಲ್ಲಿ ಹಾದುಹೋಗುತ್ತಿದ್ದ ನೂಲುಮಂದಿಯಲ್ಲಿ ಒಬ್ಬ ಥೂ ಎಂದು ಮತ್ತೆ ಉಗುಳಿದ. "ಎಲ್ಲ ಕ್ಷೇಮ," ಎಂದ ತೊಗಟಯ್ಯ. ಎರಡನೆಯ ಸಲ ಒರೆಸಿದಳು. ಇನ್ನೊಬ್ಬ ಉಗುಳಿದ. "ಎಲ್ಲ ಕ್ಷೇಮ." ಮೂರನೆಯ ಸಲ ಅವಳು ಒರೆಸಲಿಲ್ಲ. ಮಂಡಿಯೂರಿ ನೆಲ ಮೂಸಿದಳು. ನೂಲುಮಂದಿ ಹರಿದ ದಾರಿಯಲ್ಲಿ ಸಣ್ಣದೊಂದು ಅಂಟು. ಬೆಲ್ಲದ ಪಾಕ, ಹಳಸಿದ ಎಣ್ಣೆ! ಅದನ್ನು ಬೆರಳಿಗೆ ಬಳಿದುಕೊಂಡು ತೊಗಟಯ್ಯನ ಮೂಗಿನ ಕೆಳಗೆ ಸವರಿದಳು.

ತೊಗಟಯ್ಯ ಒಮ್ಮೆ ಸೀನಿದ. ಎರಡು ಸಲ ಸೀನಿದ. ಮೂರನೆಯ ಸೀನಿಗೆ ಕಿವಿಯ ಜೊಲ್ಲು ಹಾರಿಹೋಯಿತು.

"ಇದು ನಮ್ಮ ಮನೆಯ ವಾಸನೆಯಲ್ಲ!" ಎಂದು ಕೂಗಿದ. ಸುತ್ತ ನೋಡಿದ. "ಅಯ್ಯೋ ದೇಮವ್ವಾ, ಯಾರನ್ನು ಒಳಗೆ ಬಿಟ್ಟೆ ನಾನು? ಎಷ್ಟು ಮಂದಿಯನ್ನು ಬಿಟ್ಟೆ?"

"ಅಳುವುದಕ್ಕೆ ಆಮೇಲೆ ಹೊತ್ತಿದೆ. ಕೊಂಬು ಊದು."

ಅವನು ಕೊಂಬು ಎತ್ತಿ ಊದಿದ. ಸದ್ದೇ ಬರಲಿಲ್ಲ. ಕೊಂಬಿನೊಳಗೂ ಜೊಲ್ಲು ತುಂಬಿ ಕಲ್ಲಾಗಿತ್ತು. ಬೇರಿನೊಳಗಿದ್ದ ಅಷ್ಟೂ ಕೊಂಬುಗಳ ಗತಿ ಅದೇ ಆಗಿತ್ತು.

"ನಾನೇ ಅವ್ವನ ಎದೆಯವರೆಗೆ ಹೋಗಿ ಹೇಳುತ್ತೇನೆ," ಎಂದಳು ದೇಮವ್ವ. "ನೀನು ಈ ವಾಸನೆ ಹಿಡಿದುಕೊಂಡು ಬಾಗಿಲಿಂದ ಬಾಗಿಲಿಗೆ ಹೋಗು. ನಿನ್ನವರನ್ನೆಲ್ಲ ಎಬ್ಬಿಸು."

ತೊಗಟಯ್ಯ ಓಡಿದ. ದೇಮವ್ವ ಒಬ್ಬಳೇ ಮುಂದೆ ನಡೆದಳು.

ಎದೆಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಕೋಣೆ ಅಡ್ಡ ಬಂತು. ಏಳು ಕೋಣೆಗಳ ಗೋಡೆ ಕೆಡವಿ ಒಂದು ಮಾಡಿದ್ದು. ಅದರ ತುಂಬ ಅತ್ತಿಯವ್ವನ ರಸ ಕೆರೆಯಂತೆ ನಿಂತಿತ್ತು. ನಡುವೆ ನುಲಿಗಾತಿ ಕೂತಿದ್ದಳು. ನೂಲಿನಂತೆ ಬಂದವಳು ಉಂಡು ಉಂಡು ಸೋರೆಬುರುಡೆಯಂತೆ ಉಬ್ಬಿದ್ದಳು. ಬೆಳ್ಳಗೆ ಹೊಳೆಯುವ ಮೈ, ಕೈಯಿಲ್ಲ ಕಾಲಿಲ್ಲ. ಬಾಯಿಯ ಸೂಜಿಯನ್ನು ಗೋಡೆಗೆ ಚುಚ್ಚಿ ಹೀರುವುದು, ನಡುನಡುವೆ ಎಳೆಕೂಸಿನ ದನಿಯಲ್ಲಿ "ಅವ್ವಾ, ಹಸಿವು" ಅನ್ನುವುದು, ಇಷ್ಟೇ ಅವಳ ಕೆಲಸ.

ದೇಮವ್ವ ಗೋಡೆಯಂಚಿನಲ್ಲಿ ಮೆಲ್ಲಗೆ ದಾಟುತ್ತಿದ್ದಳು. ಆಗ ಹಿಂದಿನಿಂದ ಒಬ್ಬ ಹೆಂಗಸಿನ ದನಿ ಕೇಳಿತು. "ದೇಮವ್ವಾ, ಕಂದಾ, ನಾನು ನಿನ್ನ ಹೆತ್ತ ತಾಯಿ. ಬಾ, ಮಡಿಲಲ್ಲಿ ಮಲಗು."

ದೇಮವ್ವ ನಿಲ್ಲಲಿಲ್ಲ. "ನನ್ನ ಹೆತ್ತವಳ ದನಿಯನ್ನು ನಾನು ಕೇಳಿಯೇ ಇಲ್ಲ. ನೀನು ಯಾರ ದನಿ ತಂದರೂ ನನಗೆ ಗುರುತು ಸಿಕ್ಕುವುದಿಲ್ಲ."

ಆಗ ದನಿ ಬದಲಾಯಿತು. ಈ ಸಲ ಬಂದದ್ದು ಅತ್ತಿಯವ್ವನದೇ ದನಿ. ಇಪ್ಪತ್ತು ವರ್ಷ ಜೋಗುಳ ಹಾಡಿದ ದನಿ.

"ಮಗಳೇ, ಅವತ್ತು ಕಟುವಾಗಿ ಆಡಿಬಿಟ್ಟೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಬಾಯಲ್ಲಿ ಅದೇನು ಬೀಜ? ನನ್ನದೇ ಬೀಜವಲ್ಲವೇ? ನುಂಗಿಬಿಡು ಕಂದಾ. ನುಂಗಿ ನನ್ನೊಳಗೇ ಇದ್ದುಬಿಡು. ನೀನೂ ನನ್ನ ಹೊಟ್ಟೆಯ ಮಗಳೇ ಆಗುತ್ತೀಯ."

ದೇಮವ್ವನ ಕಾಲು ನಿಂತಿತು. ಒಂಬತ್ತು ದಿನದಿಂದ ಅವಳು ಕೇಳಬೇಕೆಂದು ಹಂಬಲಿಸಿದ್ದು ಇದೇ ಮಾತನ್ನು. ಕಣ್ಣು ತುಂಬಿ ಬಂತು. ನಾಲಿಗೆ ತಾನಾಗಿಯೇ ಬೀಜವನ್ನು ಗಂಟಲ ಕಡೆಗೆ ಹೊರಳಿಸಿತು. ಬಿಕ್ಕಿ ಅಳಲು ಒಂದು ಸಲ ಜೋರಾಗಿ ಉಸಿರೆಳೆದುಕೊಂಡಳು.

ಆ ಉಸಿರಿನಲ್ಲಿ ಬೆಲ್ಲದ ಪಾಕ ಬಂತು. ಹಿಂದೆಯೇ ಹಳಸಿದ ಎಣ್ಣೆ ಬಂತು.

ದೇಮವ್ವ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಹಿಂದಿರುಗಿ ನೋಡದೆ ಓಡಿದಳು. ನುಲಿಗಾತಿ ಹಿಂದಿನಿಂದ ಎಲ್ಲ ದನಿಗಳಲ್ಲೂ ಕೂಗಿದಳು. ಕೂಗಬಲ್ಲಳೇ ಹೊರತು ಎದ್ದು ಬರಲಾರಳು. ಉಂಡು ಉಬ್ಬಿದ ಮೈ ಅವಳನ್ನು ಅಲ್ಲೇ ಕೂರಿಸಿತ್ತು.

ಓಡಿ ಓಡಿ ಮರದ ಎದೆಗೆ ಬಂದಳು. ಅಲ್ಲಿ ನಾಡಿ ಮೆಲ್ಲಗೆ ಬಡಿಯುತ್ತಿತ್ತು, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒಂದು ಹಾಡು ಹೇಳಿ ಮುಗಿಸಬಹುದು, ಅಷ್ಟು ನಿಧಾನ.

"ಅವ್ವಾ."

"ಯಾರು? ದೇಮವ್ವನೇ? ಮತ್ತೆ ಯಾಕೆ ಬಂದೆ?"

"ನಿನ್ನ ಜೊತೆ ಜಗಳಕ್ಕೆ ಬಂದಿಲ್ಲವ್ವಾ. ನಾನು ಏನನ್ನೂ ಹೇಳುವುದಿಲ್ಲ. ನನ್ನ ಮಾತನ್ನು ನಂಬಲೂ ಬೇಡ. ಈ ವಾಸನೆ ಒಂದನ್ನು ನೋಡು ಸಾಕು." ದೇಮವ್ವ ತನ್ನ ಬೆರಳನ್ನು ಆ ಎದೆಗೆ ಒತ್ತಿದಳು.

ಅತ್ತಿಯವ್ವ ಅದನ್ನು ಮೂಸಿದಳು.

"ಇದು ನನ್ನದಲ್ಲ," ಎಂದಳು ಕೊನೆಗೆ. "ಎಲ್ಲಿತ್ತು ಇದು?"

"ನಿನ್ನ ಪ್ರತಿ ತೊಟ್ಟಿಲಲ್ಲೂ ಇದೆ. ಅವ್ವಾ, ಒಂದೇ ಒಂದು ಕೇಳುತ್ತೇನೆ. ಸಿಟ್ಟಾಗಬೇಡ. ನಿನ್ನ ಮಕ್ಕಳು ಉಂಡರೆ ಎಲೆ ಬಿಡುತ್ತವೆ, ಚಿಗುರು ಬಿಡುತ್ತವೆ. ನೀನು ಕೊಟ್ಟದ್ದನ್ನು ಬಿಸಿಲಿನಲ್ಲಿ ಬೇಯಿಸಿ ಮತ್ತೆ ನಿನಗೇ ಉಣಿಸುತ್ತವೆ. ಇವು ಇಷ್ಟು ದಿನದಿಂದ ಉಣ್ಣುತ್ತಿವೆಯಲ್ಲ, ಒಂದಾದರೂ ಒಂದು ಎಲೆ ಬಿಟ್ಟಿದೆಯೇ?"

ಮೇಲೆ, ಗಾಳಿಯಿಲ್ಲದಿದ್ದರೂ ಅತ್ತಿಯವ್ವನ ಎಲೆಗಳೆಲ್ಲ ನಡುಗಿದವಂತೆ. ಬುಡದಲ್ಲಿ ಕಾಯುತ್ತಿದ್ದ ರಾಣಿ ಅದನ್ನು ಕಣ್ಣಾರೆ ಕಂಡಳಂತೆ.

"ಅವು ಘಳಿಗೆಗೊಂದು ಸಲ ಅವ್ವಾ ಅನ್ನುತ್ತಿದ್ದವು ಮಗಳೇ," ಎಂದಳು ಅತ್ತಿಯವ್ವ. "ಊರೆಲ್ಲ ನನ್ನ ಹಣ್ಣು ತಿಂದಿತು. ಆದರೆ ಅಷ್ಟು ಸಲ ನನ್ನನ್ನು ಅವ್ವಾ ಅಂದವರು ಯಾರಿದ್ದರು? ನನಗೆ ಆ ಮಾತಿನ ಮೇಲೆ ಆಸೆಯಾಯಿತು."

"ಆ ತಪ್ಪು ನಮ್ಮದವ್ವಾ," ಎಂದಳು ದೇಮವ್ವ. ನಿಜಕ್ಕೂ ಹಾಗೇ ಅನ್ನಿಸಿತು ಅವಳಿಗೆ. ಮರಕ್ಕೆ ದಿನಾ ನೀರು ಹಾಕಿದ್ದಳು, ಮಣ್ಣು ಸಡಿಲಿಸಿದ್ದಳು. ಆದರೆ ಕೂತು ಮಾತಾಡಿಸಿದ್ದು ಎಷ್ಟು ಸಲ?

ಅಷ್ಟರಲ್ಲಿ ಅತ್ತಿಯವ್ವನ ದುಃಖ ಸಿಟ್ಟಾಯಿತು. "ಹತ್ತರಲ್ಲಿ ಏಳು ಬೇರು ತುಂಬಿ ಕೂತಿದ್ದಾರೆ! ಏಳನ್ನೂ ಒಣಗಿಸಿಬಿಡುತ್ತೇನೆ. ಅವರೂ ಸಾಯಲಿ, ನಾನೂ ಸಾಯುತ್ತೇನೆ."

"ಬೇಡವ್ವಾ! ಮೇಲೆ ಮಾಚಯ್ಯನವರೂ ಅದನ್ನೇ ಹೇಳುತ್ತಿದ್ದಾರೆ. ನಿನ್ನ ಪ್ರಾಣ ತೆಗೆಯಲು ಕೊಡಲಿ ಒಂದು ಸಾಲದೇ? ನೀನು ಅವರ ಕರೆಯನ್ನು ತೆಗೆದುಕೋ. ಅದರ ಬಾಲ ಉದ್ದವಿದೆ ನೋಡು, 'ಬನ್ನಿ' ಅಂತ ಅದರ ಅರ್ಥ. ಬಾಲ ಕತ್ತರಿಸಿದರೆ 'ಜಾಗವಿಲ್ಲ, ಹೋಗಿ' ಅಂತ ಆಗುತ್ತದೆ. ಅವರು ನಿನ್ನ ಮಾತು ಕದ್ದರು. ನೀನು ಅವರ ಮಾತನ್ನು ತಿದ್ದು."

ಅತ್ತಿಯವ್ವ ಆ ವಾಸನೆಯನ್ನು ಒಳಗೆಳೆದುಕೊಂಡಳು. ತನ್ನ ರಸದಲ್ಲಿ ಅದನ್ನು ಹೊರಳಿಸಿದಳು, ಅರೆದಳು, ಬಾಲದ ತುದಿಯನ್ನು ಚಿವುಟಿದಳು. ಮೊದಲ ಸಲ ಸಾಲಲಿಲ್ಲ. ಎರಡನೆಯ ಸಲವೂ ಬಾಲ ಉದ್ದವೇ ಉಳಿಯಿತು. ಮೂರನೆಯ ಸಲ ಅದು ಮೋಟಾಯಿತು. ಆ ಮೋಟು ಮಾತನ್ನು ಅವಳು ಎದೆಯಿಂದ ಬೇರಿಗೆ, ಬೇರಿನಿಂದ ಬೇರಿನ ರೋಮಕ್ಕೆ, ರೋಮದಿಂದ ಮಣ್ಣಿಗೆ ಹರಿಸಿದಳು.

ಮಣ್ಣಿನೊಳಗೆ ಸಾಲುಗಟ್ಟಿ ಬರುತ್ತಿದ್ದ ಲಕ್ಷ ನೂಲುಮಂದಿ ತಟ್ಟನೆ ನಿಂತರು. ತಮ್ಮದೇ ಭಾಷೆ, ತಮ್ಮವರದೇ ಕರೆ. 'ಜಾಗವಿಲ್ಲ, ಹೋಗಿ.' ಅವರಿಗೆ ಅನುಮಾನವೇ ಬರಲಿಲ್ಲ. ಬಂದ ದಾರಿಯಲ್ಲೇ ತಿರುಗಿದರು. ಬೇರಿನೊಳಗೆ ಆಗಲೇ ನುಗ್ಗಿದ್ದ ಸಣ್ಣವರೂ ಒಬ್ಬರ ಹಿಂದೊಬ್ಬರು ಹೊರಗೆ ಹರಿದರು. ಅತ್ತಿಗಿರಿಯ ಗಡಿ ದಾಟಿದರು, ಕಲ್ಲುಬಂಡೆಯ ಸೀಮೆ ದಾಟಿದರು. ಆಮೇಲೆ ಅವರನ್ನು ಯಾರೂ ಕಾಣಲಿಲ್ಲ.

ಬೇರಿಗೆ ಸೂಜಿ ಚುಚ್ಚಿ ಉಬ್ಬಿ ಕೂತವರು ಮಾತ್ರ ಉಳಿದರು. ಉಗುಳಲು ಹೊಸಬರಿಲ್ಲ, ಕಾವಲಿನವರಿಗೆ ಎಚ್ಚರವಾಗಿದೆ. ತೊಗಟಯ್ಯ ಕೆಂಪು ರುಮಾಲಿನ ದಂಡು ಕಟ್ಟಿಕೊಂಡು ಬಂದು ಒಂದೊಂದು ಕೋಣೆಗೂ ಮರದ ಗೋಡೆ ಕಟ್ಟತೊಡಗಿದ. ಕೊನೆಗೆ ಉಳಿದದ್ದು ನುಲಿಗಾತಿಯ ಕೋಣೆ. ಗೋಡೆ ಏರುವುದನ್ನು ತಿಳಿದು ಅವಳು ಎಳೆಕೂಸಿನ ದನಿ ತೆಗೆದಳು.

"ಅವ್ವಾ, ಹಸಿವು. ಅವ್ವಾ, ನನ್ನನ್ನು ಬಿಡಬೇಡ."

ತೊಗಟಯ್ಯ ಕೈ ತಡೆದು, ಎದೆಯಿಂದ ಹಿಂದಿರುಗಿ ಬಂದಿದ್ದ ದೇಮವ್ವನ ಮುಖ ನೋಡಿದ. ದೇಮವ್ವ ಎದೆಯ ದಾರಿಯತ್ತ ಕೈ ತೋರಿಸಿದಳು. ಆ ಮಾತು ಹೇಳಬೇಕಾದವಳು ಅವಳಲ್ಲ.

ಅತ್ತಿಯವ್ವ, "ಕಟ್ಟು ತೊಗಟಯ್ಯ," ಎಂದಳು. ಅವಳ ದನಿ ಒದ್ದೆಯಾಗಿತ್ತು. ರಸ ನಿಂತಿತು. ಕೆರೆ ಬತ್ತಿತು. ಗೋಡೆ ಮುಚ್ಚಿತು. ನುಲಿಗಾತಿಯ ಮಾಯೆ ಅಲ್ಲಿಗೆ ಮುಗಿಯಿತು. ಅವಳು ಕೂತಿದ್ದ ಜಾಗ ಈಗ ಒಂದು ಒಣ ಗಂಟು, ಅಷ್ಟೇ.

ದೇಮವ್ವ ಮಣ್ಣಿನ ಬಿರುಕಿನಿಂದ ಮೇಲೆ ಬಂದು ಬೀಜವನ್ನು ಉಗುಳಿದಳು. ಅದು ಒಂಬತ್ತನೆಯ ದಿನದ ಮಧ್ಯಾಹ್ನ. ಮಾಚಯ್ಯ ಎತ್ತಿದ ಕೊಡಲಿಯನ್ನು ಹಾಗೇ ಹಿಡಿದು ನಿಂತಿದ್ದ. ರಾಣಿ ಅವನ ತೋಳು ಹಿಡಿದು ಮೇಲೆ ತೋರಿಸಿದಳು. ಜೋತುಬಿದ್ದಿದ್ದ ಎಲೆಗಳು ನಡುಬಿಸಿಲಲ್ಲಿ ಒಂದೊಂದಾಗಿ ನೆಟ್ಟಗಾಗುತ್ತಿದ್ದವು. ಮಾಚಯ್ಯ ಕೊಡಲಿ ಕೆಳಗಿಟ್ಟ. ಅಲ್ಲೇ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಗಂಟುಬಿದ್ದ ಬೇರಿನ ಪಕ್ಕದಲ್ಲಿ ಹೊಸ ಬೇರು ಬಂತು. ಹೊಸ ಬೇರು ನೀರು ಕುಡಿಯಿತು, ಎಲೆ ಹಸಿರಾಯಿತು. ನೆಲ್ಲಿಯಷ್ಟಿದ್ದ ಕಾಯಿ ನಿಂಬೆಯಷ್ಟಾಯಿತು, ನಿಂಬೆಯಷ್ಟಿದ್ದದ್ದು ಅಂಗೈ ತುಂಬಿತು. ಈ ನಡುವೆ ರಾಣಿಯ ಅಪ್ಪಣೆ ಯಾರಿಗೂ ಬೇಕಾಗಲಿಲ್ಲ, ಜನ ತಾವಾಗಿಯೇ ಬರತೊಡಗಿದರು. ಹೆಂಗಸರು ಬುಡದಲ್ಲಿ ಕೂತು ಮನೆಯ ಸುದ್ದಿ ಹೇಳಿದರು. ಮುದುಕರು ಬಂದು ಒರಗಿ ಕೂತರು. ಮಕ್ಕಳಂತೂ ಹಣ್ಣಿರಲಿ ಇಲ್ಲದಿರಲಿ, ಹಾದುಹೋಗುವಾಗಲೆಲ್ಲ ಅವ್ವಾ ಎಂದು ಕೂಗಿಯೇ ಹೋದವು. ಅತ್ತಿಯವ್ವ ಪ್ರತಿ ಸಲವೂ ಓ ಅಂದಳು, ಒಂದು ಸಲವೂ ಬೇಸರಪಡಲಿಲ್ಲ.

ಮೊದಲ ಹಣ್ಣು ಪೂರ್ತಿ ಮಾಗಿದ ದಿನ ಇಡೀ ಅತ್ತಿಗಿರಿ ನೆರಳಲ್ಲಿ ಸಾಲಾಗಿ ಊಟಕ್ಕೆ ಕೂತಿತು. ರಾಣಿ ತಾನೇ ಆ ಹಣ್ಣನ್ನು ಕಿತ್ತು ತಂದು ದೇಮವ್ವನ ಎಲೆಗೆ ಬಡಿಸಿದಳು. "ಇದು ನಿನ್ನದು ಮಗಳೇ. ಈ ರಾಜ್ಯ ನಿನ್ನ ಉಪಕಾರ ಮರೆಯುವುದಿಲ್ಲ," ಎಂದಳು.

ದೇಮವ್ವ ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡಳು, ತಿನ್ನಲಿಲ್ಲ. "ಮೊದಲು ಮಕ್ಕಳು ತಿನ್ನಲಿ ತಾಯಿ," ಎಂದಳು. "ದೊಡ್ಡವರು ತಿನ್ನಲಿ. ನಾನು ಕೊನೆಗೆ ತಿನ್ನುತ್ತೇನೆ."

ಮೇಲಿನಿಂದ ಅತ್ತಿಯವ್ವನ ದನಿ ಬಂತು. ಊರಿಗೆಲ್ಲ ಕೇಳುವಂತೆ ಬಂತು.

"ನನ್ನ ಹೊಟ್ಟೆಯಲ್ಲಿ ಹುಟ್ಟಿದವರು ಯಾರು, ಹಾಲು ಕುಡಿದವರು ಯಾರು ಅಂತ ಒಂದು ದಿನ ಲೆಕ್ಕ ಹಾಕಿದೆ. ಆ ದಿನವೇ ನನ್ನ ಬುದ್ಧಿ ಕೆಟ್ಟದ್ದು. ದೇಮವ್ವಾ, ನೀನು ಬಾರದಿದ್ದರೆ ನಾನು ನಗುನಗುತ್ತಲೇ ಸತ್ತುಹೋಗುತ್ತಿದ್ದೆ. ನಿನ್ನ ಋಣ ದೊಡ್ಡದು ಮಗಳೇ. ಈಗ ಉಣ್ಣು. ನೀನು ಉಣ್ಣುವವರೆಗೆ ನಾನು ಇನ್ನೊಬ್ಬರಿಗೆ ಬಡಿಸುವುದಿಲ್ಲ."

ಸಾವಿರಾರು ಮಂದಿ ಎಲೆ ಹಾಸಿಕೊಂಡು ಕಾಯುತ್ತಿದ್ದರು. ಯಾರೂ ಅವಸರ ಮಾಡಲಿಲ್ಲ. ದೇಮವ್ವ ಕಣ್ಣೊರೆಸಿಕೊಂಡು ಹಣ್ಣನ್ನು ಕಚ್ಚಿದಳು. ಆ ಕ್ಷಣವೇ ಸಾವಿರ ಕೊಂಬೆಗಳು ಒಟ್ಟಿಗೆ ಬಾಗಿದವು. ಒಬ್ಬೊಬ್ಬರ ಎಲೆಯ ಮೇಲೂ ಒಂದೊಂದು ಹಣ್ಣು ಮೆಲ್ಲಗೆ ಬಂದು ಕೂತಿತು.

ಹಾಗೆ ಅತ್ತಿಗಿರಿಯವರು ಉಂಡರು, ತಣ್ಣಗೆ ಬಾಳಿದರು. ಹೇಳಿದವರೂ ಕೇಳಿದವರೂ ಹಾಗೇ ಬಾಳಲಿ.